ಸೇಂಟ್ ಕ್ಲೇರ್ ನದಿಯ ಹಳೇ ಹಡಗುಗಳು: ದೊಡ್ಡ ಲೆನ್ಸ್ ಕೊಳ್ಳುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಮಂಗಳೂರು. ಚಿಕ್ಕಂದಿನಲ್ಲಿ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ (ಮರದ ಸರಕು ದೋಣಿಗಳಿಗೆ) ಸಾಮಾನು ಏರಿಸುವುದನ್ನು ಗಂಟೆಗಟ್ಟಲೆ ನೋಡುತ್ತಾ ನಿಲ್ಲುತ್ತಿದ್ದೆ. ಈಗ ಎಚ್1ಬಿ ವೀಸಾದಲ್ಲಿ ಮಿಶಿಗನ್‌ನ ನೋವೈ ಊರಿನಲ್ಲಿದ್ದೇವೆ. ಹನ್ನೊಂದು ವರ್ಷದ ಮಗನಿಗೆ ಅಮೆರಿಕ-ಕೆನಡಾ ಗಡಿಯ ಮಹಾಸರೋವರಗಳಾದ ಗ್ರೇಟ್ ಲೇಕ್ಸ್‌ನ ಹಳೇ ಸರಕು ಹಡಗುಗಳ ಹುಚ್ಚು ಹಿಡಿದಿದೆ. ಮೇ ತಿಂಗಳಲ್ಲಿ ಪೋರ್ಟ್ ಹ್ಯುರಾನ್‌ನ ಲೈಟ್‌ಹೌಸ್ ಬೀಚಿಗೂ ಆಮೇಲೊಂದು ಭಾನುವಾರ ಡೆಟ್ರಾಯಿಟ್ ನದಿ ದಡಕ್ಕೂ ಹೋಗಿ ತೆಗೆದ ಚಿತ್ರಗಳನ್ನು ಕಳಿಸಿದ್ದೇನೆ. ಮೊದಲನೆಯದರಲ್ಲಿ ಹಡಗು ನೀರಿನಲ್ಲಿ ಕರಗಿದಂತೆ ಕಾಣುತ್ತದೆ, ಎರಡನೆಯದರಲ್ಲಿ ಪೂರ್ತಿ ಕಪ್ಪು. ನನ್ನ ಹತ್ತಿರ ಎಪಿಎಸ್‌-ಸಿ (ಸಣ್ಣ ಸೆನ್ಸರಿನ) ಕ್ಯಾಮೆರಾ, 18-55 ಮತ್ತು 55-250 ಎಂಎಂ ಲೆನ್ಸ್ ಇವೆ. ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಇಲ್ಲದೆ ಹಡಗಿನ ಫೋಟೋಗ್ರಫಿ ಆಗುವುದಿಲ್ಲ ಎಂದು ಗೆಳೆಯರು ಹೇಳುತ್ತಿದ್ದಾರೆ. ಹಳೇ ಸ್ಟೀಮರುಗಳೆಲ್ಲ ಇನ್ನೊಂದೆರಡು ವರ್ಷದಲ್ಲಿ ಗುಜರಿಗೆ ಹೋಗುತ್ತವೆ, ಬೇಗ ತೆಗೆಯಿರಿ ಎಂದು ಪಾರ್ಕಿನಲ್ಲಿ ಒಬ್ಬರು ಹೆದರಿಸಿದರು. ನನ್ನ ಹೆಂಡತಿಯ ಭಯ ಬೇರೆ: ಗಡಿ ನದಿಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ವೀಸಾಕ್ಕೆ ತೊಂದರೆ ಆಗುವುದಿಲ್ಲವೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ: ಲೆನ್ಸ್, ಗುಜರಿ, ಗಡಿ. ಎಂಜಿನ್ ರೂಮಿನಲ್ಲಿ ದುಡಿದು, ಆಮೇಲೆ ಹಡಗುಗಳ ತಪಾಸಣೆ ಕೆಲಸಕ್ಕೆ ಬಂದು, ಜೊತೆಜೊತೆಗೆ ಈ ನದಿಗಳ ದಡದಲ್ಲಿ ಕ್ಯಾಮೆರಾ ಹಿಡಿದು ನಿಂತವನು ನಾನು. ಲೆನ್ಸ್‌ನ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ದುಡ್ಡು ಅದರಲ್ಲಿದೆ.

ನೀವು ಕಳಿಸಿದ ಬೀಚಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಡಗಿನ ಕೆಳಭಾಗ ಎರಡೆರಡಾಗಿ ಕಾಣುತ್ತಿದೆ, ದಿಗಂತದ ಗೆರೆ ಚೂರುಚೂರಾಗಿದೆ, ಆದರೆ ನಿಮ್ಮ ಮುಂದಿರುವ ಕಲ್ಲುಗಳು ಚೊಕ್ಕವಾಗಿವೆ. ಕೈ ನಡುಗಿದ್ದರೆ ಕಲ್ಲೂ ಮಸುಕಾಗುತ್ತಿತ್ತು. ಇದು ಗಾಳಿಯ ಕೆಲಸ. ಮೇ ತಿಂಗಳಲ್ಲಿ ಹ್ಯುರಾನ್ ಸರೋವರದ ನೀರು ಇನ್ನೂ ಚಳಿಗಾಲದ ತಂಪನ್ನು ಬಿಟ್ಟಿರುವುದಿಲ್ಲ, ಅದರ ಮೇಲೆ ಬೆಚ್ಚಗಿನ ಗಾಳಿ ಬಂದು ಕೂತಿರುತ್ತದೆ. ತಂಪು ಗಾಳಿಯ ಪದರ ಕೆಳಗೆ, ಬಿಸಿ ಪದರ ಮೇಲೆ. ಬೆಳಕು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬಾಗುತ್ತದೆ. ಹಾಗಾಗಿ ದೂರದ ಹಡಗು ಉದ್ದಕ್ಕೆ ಎಳೆದಂತೆ, ಕೆಲವೊಮ್ಮೆ ತಲೆಕೆಳಗಾಗಿಯೂ ಕಾಣುತ್ತದೆ. ನಮ್ಮ ಕಡೆ ಬೇಸಿಗೆಯ ಟಾರು ರಸ್ತೆಯಲ್ಲಿ ಕಾಣುವ ಬಿಸಿಲ್ಗುದುರೆಯ ಜಾತಿಯದೇ, ಆದರೆ ಪದರಗಳು ಅದಲುಬದಲು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನೀರು ಬೆಚ್ಚಗೆ, ಬೆಳಗಿನ ಗಾಳಿ ತಣ್ಣಗೆ ಆದಾಗ ರಸ್ತೆಯಲ್ಲಿ ಕಾಣುವಂಥದ್ದೇ ನೀರಿನ ಮೇಲೂ ಕಾಣುತ್ತದೆ.

ಇದಕ್ಕೆ 600 ಎಂಎಂ ಲೆನ್ಸ್ ಏನು ಮಾಡುತ್ತದೆ? ಹಡಗನ್ನು ದೊಡ್ಡದು ಮಾಡಿದಷ್ಟೇ ಆ ಅಲೆಯಾಟವನ್ನೂ ದೊಡ್ಡದು ಮಾಡುತ್ತದೆ, ಅಷ್ಟೇ. ಲೈಟ್‌ಹೌಸ್ ಬೀಚಿನಿಂದ ನೀವು ಉತ್ತರಕ್ಕೆ, ತೆರೆದ ಸರೋವರದ ಕಡೆ, ಕಿಲೋಮೀಟರುಗಟ್ಟಲೆ ಗಾಳಿಯ ಮೂಲಕ ನೋಡುತ್ತಿದ್ದಿರಿ. ಎಷ್ಟು ಬೆಲೆಯ ಗಾಜೂ ಆ ಗಾಳಿಯನ್ನು ಸರಿಪಡಿಸಲಾರದು. ಪರೀಕ್ಷೆ ಸುಲಭ: ಕ್ಯಾಮೆರಾದ ಸ್ಕ್ರೀನಿನಲ್ಲಿ ದೂರದ ಬೋಯ್ (ನೀರಿನಲ್ಲಿ ತೇಲುವ ದಾರಿಗುರುತು) ಒಂದನ್ನು ಪೂರ್ತಿ ಜೂಮ್ ಮಾಡಿ ನೋಡಿ. ಅದು ಕುಣಿಯುತ್ತಿದ್ದರೆ ದೂರದ ಚಿತ್ರದ ಆಸೆ ಬಿಟ್ಟು ಹಡಗು ಹತ್ತಿರ ಬರುವ ತನಕ ಕಾಯಿರಿ.

ಹಡಗು ಹತ್ತಿರ ಬರುವುದು ನದಿಯಲ್ಲಿ. ಸರೋವರದ ಬಾಯಿಂದ ಸ್ವಲ್ಪ ಕೆಳಗೆ, ಬ್ಲೂ ವಾಟರ್ ಸೇತುವೆಯ ಬುಡದಲ್ಲಿ, ಸೇಂಟ್ ಕ್ಲೇರ್ ನದಿ ಇಕ್ಕಟ್ಟಾಗುತ್ತದೆ. ಅಲ್ಲಿ ಹಡಗುಗಳು ದಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಹಾದುಹೋಗುತ್ತವೆ. ಲೆಕ್ಕ ಹಾಕಿ ನೋಡೋಣ. ಆರ್ಥರ್ ಎಂ. ಆಂಡರ್ಸನ್ ಹಡಗಿನ ಉದ್ದ 767 ಅಡಿ, ಅಂದರೆ 234 ಮೀಟರ್. ಅದು 300 ಮೀಟರ್ ದೂರದಲ್ಲಿ ಪಕ್ಕ ತೋರಿಸಿಕೊಂಡು ಹೋಗುವಾಗ ಇಡೀ ಹಡಗು ಚೌಕಟ್ಟಿನೊಳಗೆ ಹಿಡಿಸಬೇಕಾದರೆ ನಿಮ್ಮ ಕ್ಯಾಮೆರಾದಲ್ಲಿ ಸುಮಾರು 28 ಎಂಎಂ ಬೇಕು. ಅದಕ್ಕಿಂತ ಉದ್ದದ ಲೆನ್ಸ್ ಹಾಕಿದರೆ ಮೂತಿಯೋ ಬಾಲವೋ ಕತ್ತರಿಸಿ ಹೋಗುತ್ತದೆ. ಇನ್ನು ಎದುರಿನಿಂದ ಬರುವ ಹಡಗಿನ ಮುಖ: ಒಂದು ಕಿಲೋಮೀಟರ್ ದೂರದಲ್ಲಿ ನಿಮ್ಮ 250 ಎಂಎಂ ಸುಮಾರು 90 ಮೀಟರ್ ಅಗಲದ ನೋಟ ಹಿಡಿಯುತ್ತದೆ, ಹಡಗಿನ ಅಗಲ 70 ಅಡಿ, 21 ಮೀಟರ್. ಚೌಕಟ್ಟಿನ ಕಾಲುಭಾಗ ತುಂಬಿತು. ಅದು ಇನ್ನೂ ಹತ್ತಿರ ಬರುತ್ತಲೇ ಇರುತ್ತದೆ. ನಿಮ್ಮ ಹತ್ತಿರ ಇರುವ ಎರಡು ಲೆನ್ಸ್‌ಗಳೇ ಈ ನದಿಗೆ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ತುಂಬಾ ವೇಗದ ಶಟರ್ ಬೇಕೆಂದು ಯಾರಾದರೂ ಹೇಳಿದರೆ ಅದಕ್ಕೂ ಅರ್ಥವಿಲ್ಲ. ಈ ನದಿಯಲ್ಲಿ ದೊಡ್ಡ ಹಡಗುಗಳಿಗೆ ಗಂಟೆಗೆ 12 ಮೈಲಿಯ ಮಿತಿ ಇದೆ. ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಹಡಗು ಸುಮಾರು ಒಂದು ಸೆಂಟಿಮೀಟರ್ ಸರಿಯುತ್ತದೆ. ಅಲ್ಲಾಡುವುದು ನಿಮ್ಮ ಕೈ, ಅದಕ್ಕಾಗಿ 1/500 ಸಾಕು. ಎಫ್‌/8, ಐಎಸ್‌ಒ ಆಟೋ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಹಡಗಿನ ಕ್ಯಾಬಿನ್ ಬಿಳಿ, ಒಡಲು ಕಂದುಗೆಂಪು. ಕ್ಯಾಮೆರಾ ಇವೆರಡರ ನಡುವೆ ಗೊಂದಲಕ್ಕೆ ಬೀಳುತ್ತದೆ. ಬಿಳಿಯ ಕಡೆ ಗಮನ ಕೊಡಿ, ಅದು ಸುಟ್ಟುಹೋದರೆ ಮತ್ತೆ ಬರುವುದಿಲ್ಲ. ಒಡಲಿನ ಮೇಲಿನ ಕತ್ತಲನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಎತ್ತಬಹುದು.

ಡೆಟ್ರಾಯಿಟ್‌ನ ಕಪ್ಪು ಚಿತ್ರದ ಕಾರಣ ಭೂಪಟದಲ್ಲಿದೆ. ಅಮೆರಿಕದ ಉತ್ತರಕ್ಕೆ ಕೆನಡಾ ಎಂದು ನಾವೆಲ್ಲ ಕಲಿತದ್ದು. ಡೆಟ್ರಾಯಿಟ್ ನಗರದ ಎದುರು ಮಾತ್ರ ಕೆನಡಾದ ವಿಂಡ್ಸರ್ ದಕ್ಷಿಣಕ್ಕಿದೆ. ಅಂದರೆ ಡೆಟ್ರಾಯಿಟ್ ದಡದಲ್ಲಿ ನಿಂತು ನದಿ ನೋಡುವವನ ಮುಖ ದಕ್ಷಿಣಕ್ಕೆ, ಸೂರ್ಯ ಹೆಚ್ಚು ಹೊತ್ತು ಹಡಗಿನ ಹಿಂದೆ. ನೀವು ಹೋದದ್ದು ನಡುಮಧ್ಯಾಹ್ನ. ಬೇಸಿಗೆಯಲ್ಲಿ ಸೂರ್ಯ ಈಶಾನ್ಯದಲ್ಲಿ ಹುಟ್ಟಿ ವಾಯವ್ಯದಲ್ಲಿ ಮುಳುಗುತ್ತಾನಲ್ಲ, ಆ ಮುಂಜಾನೆ ಮತ್ತು ಸಂಜೆಯ ಒಂದೆರಡು ಗಂಟೆಗಳಲ್ಲಿ ಮಾತ್ರ ಡೆಟ್ರಾಯಿಟ್ ದಡಕ್ಕೆ ಒಳ್ಳೆಯ ಬೆಳಕು ಸಿಗುತ್ತದೆ.

ಸೇಂಟ್ ಕ್ಲೇರ್ ನದಿ ಹಾಗಲ್ಲ. ಅದು ಉತ್ತರದಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ ಹರಿಯುತ್ತದೆ. ಪಶ್ಚಿಮ ದಡ ಮಿಶಿಗನ್, ಪೂರ್ವ ದಡ ಒಂಟಾರಿಯೊ. ಮಧ್ಯಾಹ್ನದ ಮೇಲೆ ಮಿಶಿಗನ್ ಕಡೆ ನಿಂತರೆ ಸೂರ್ಯ ನಿಮ್ಮ ಬೆನ್ನ ಹಿಂದೆ, ಹಡಗಿನ ಮೈಮೇಲಿನ ಒಂದೊಂದು ರಿವೆಟ್ಟೂ ಬೆಸುಗೆಯ ಗೆರೆಯೂ ಕಾಣುತ್ತದೆ. ನಾನು ಹೊಸಬರಿಗೆ ಹೇಳುವುದು ಸೇಂಟ್ ಕ್ಲೇರ್ ಎಂಬ ಪುಟ್ಟ ಊರಿನ ಪಾಮರ್ ಪಾರ್ಕ್. ನದಿಯುದ್ದಕ್ಕೆ ನಡೆಯುವ ದಾರಿ, ಬೆಂಚು, ಶೌಚಾಲಯ ಎಲ್ಲ ಇವೆ. ಅದಕ್ಕಿಂತ ಕೆಳಗೆ ಮರೀನ್ ಸಿಟಿ, ಆಮೇಲೆ ಆಲ್ಗೊನಾಕ್. ಹಡಗು ನಿಧಾನ, ಕಾರು ವೇಗ: ಪೋರ್ಟ್ ಹ್ಯುರಾನ್‌ನಲ್ಲಿ ಕೈತಪ್ಪಿದ ಹಡಗು ಸೇಂಟ್ ಕ್ಲೇರ್ ಊರಿಗೆ ಬರಲು ಸುಮಾರು ಒಂದು ಗಂಟೆ ಹಿಡಿಯುತ್ತದೆ, ನೀವು ಅರ್ಧ ಗಂಟೆಯೊಳಗೆ ಅಲ್ಲಿರುತ್ತೀರಿ.

ಬರುವ ಹಡಗು ಯಾವುದೆಂದು ತಿಳಿಯಲು ಫೋನಿನಲ್ಲಿ ಎಐಎಸ್ ಆಪ್ ಸಾಕು. ಹಡಗು ತನ್ನ ಹೆಸರು, ಜಾಗ, ವೇಗವನ್ನು ರೇಡಿಯೋದಲ್ಲಿ ಬಿತ್ತರಿಸುತ್ತಲೇ ಇರುತ್ತದೆ, ಆಪ್ ಅದನ್ನು ನಕ್ಷೆಯ ಮೇಲೆ ತೋರಿಸುತ್ತದೆ. ಒಮ್ಮೊಮ್ಮೆ ಕೆಲವು ನಿಮಿಷ ಹಿಂದಿನ ಜಾಗ ತೋರಿಸುವುದುಂಟು. ಮಗನಿಗೆ ಒಂದು ಕೈ ರೇಡಿಯೋ ಕೊಡಿಸಿದರೆ ಇನ್ನೂ ಚೆನ್ನ. ಮರೀನ್ ವಿಎಚ್‌ಎಫ್ (ಹಡಗುಗಳ ರೇಡಿಯೋ) ಕೇಳಲು ಮಾತ್ರವಾದರೆ ಲೈಸೆನ್ಸ್ ಬೇಡ. 11 ಮತ್ತು 12ನೇ ಚಾನೆಲ್‌ಗಳಲ್ಲಿ ಹಡಗುಗಳು ಎದುರು ದಡದ ಸಾರ್ನಿಯಾ ಊರಿನ ಸಂಚಾರ ಕೇಂದ್ರವಾದ ಸಾರ್ನಿಯಾ ಟ್ರಾಫಿಕ್‌ಗೆ ತಾವು ಎಲ್ಲಿದ್ದೇವೆ, ಮುಂದಿನ ಗುರುತಿಗೆ ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳುವುದು ಕೇಳುತ್ತದೆ. ಹಡಗು ಬರುವ ಮೊದಲೇ ಅದರ ಹೆಸರು ಕೇಳಿ ಮಗ ಕುಣಿಯುವುದನ್ನು ನೋಡುತ್ತೀರಿ. ಮಾತಾಡುವ ಬಟನ್ ಮಾತ್ರ ಒತ್ತಕೂಡದು ಎಂದು ಮೊದಲೇ ಹೇಳಿಬಿಡಿ, ಅದು ಕೆಲಸದ ಚಾನೆಲ್.

ಇನ್ನು ಗುಜರಿಯ ಮಾತು. ಇದರಲ್ಲಿ ಅರ್ಧ ನಿಜವಿದೆ, ಆದರೆ ಪಾರ್ಕಿನವರು ಹೆದರಿಸಿದ ರೀತಿಯಲ್ಲಲ್ಲ.

ಸಮುದ್ರದ ಸರಕು ಹಡಗು ಇಪ್ಪತ್ತೈದು, ಮೂವತ್ತು ವರ್ಷಕ್ಕೆ ಒಡೆಯುವ ಅಂಗಳಕ್ಕೆ ಹೋಗುತ್ತದೆ. ಉಪ್ಪುನೀರು ಉಕ್ಕನ್ನು ತಿನ್ನುತ್ತದೆ. ಗ್ರೇಟ್ ಲೇಕ್ಸ್ ಸಿಹಿನೀರು, ಒಡಲಿನ ತಗಡು ತುಂಬಾ ನಿಧಾನವಾಗಿ ಸವೆಯುತ್ತದೆ. ಮೇಲಾಗಿ ಪ್ರತಿ ಚಳಿಗಾಲವೂ ಕಡ್ಡಾಯ ವಿಶ್ರಾಂತಿ: ಸೂಪೀರಿಯರ್ ಸರೋವರದ ಬಾಯಲ್ಲಿರುವ, ಹಡಗುಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆ ಸೂ ಲಾಕ್ಸ್ ಜನವರಿ 15ರಿಂದ ಮಾರ್ಚ್ 25ರ ತನಕ ಮುಚ್ಚಿರುತ್ತದೆ, ಆ ಹೊತ್ತಿನಲ್ಲಿ ಹಡಗುಗಳು ದಕ್ಕೆಗೆ ಕಟ್ಟಿಸಿಕೊಂಡು ರಿಪೇರಿ ಮಾಡಿಸಿಕೊಳ್ಳುತ್ತವೆ. ಇನ್ನೊಂದು ಕಾರಣ ಕಾನೂನು. 1920ರ ಜೋನ್ಸ್ ಕಾಯ್ದೆಯ ಪ್ರಕಾರ ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು. ಹೊಸದು ಕಟ್ಟುವುದು ಅಲ್ಲಿ ಭಾರೀ ದುಬಾರಿ. 2022ರಲ್ಲಿ ಮಾರ್ಕ್ ಡಬ್ಲ್ಯು. ಬಾರ್ಕರ್ ಕೆಲಸಕ್ಕಿಳಿದಾಗ 1983ರ ನಂತರ ಈ ಸರೋವರಗಳಿಗಾಗಿ ಅಮೆರಿಕದಲ್ಲಿ ಕಟ್ಟಿದ ಮೊದಲ ಸರಕು ಹಡಗು ಅದಾಗಿತ್ತು. ಹಾಗಾಗಿ ಮಾಲೀಕರು ಹಳೇ ಒಡಲನ್ನೇ ಕತ್ತರಿಸಿ, ಉದ್ದ ಮಾಡಿ, ಹೊಸ ಯಂತ್ರ ಕೂರಿಸಿ ಓಡಿಸುತ್ತಾರೆ.

ಆಂಡರ್ಸನ್‌ನ್ನೇ ತೆಗೆದುಕೊಳ್ಳಿ. ಒಹಾಯೊದ ಲೊರೇನ್‌ನಲ್ಲಿ 1952ರಲ್ಲಿ ಕಟ್ಟಿದಾಗ ಅದರ ಉದ್ದ 647 ಅಡಿ. 1975ರಲ್ಲಿ ಹೊಟ್ಟೆ ಸೀಳಿ ನಡುವೆ 120 ಅಡಿ ತುಂಡು ಸೇರಿಸಿದರು. ಅದೇ ವರ್ಷ ನವೆಂಬರ್ 10ರ ಬಿರುಗಾಳಿಯಲ್ಲಿ ಎಡ್ಮಂಡ್ ಫಿಟ್ಸ್‌ಜೆರಾಲ್ಡ್ 29 ಜನರೊಂದಿಗೆ ಸೂಪೀರಿಯರ್ ಸರೋವರದಲ್ಲಿ ಮುಳುಗಿದಾಗ ಅದರ ಹಿಂದೆಯೇ ಬರುತ್ತಾ ರೇಡಿಯೋದಲ್ಲಿ ಕೊನೆಯ ತನಕ ಮಾತಾಡುತ್ತಿದ್ದದ್ದು, ಆಮೇಲೆ ಹುಡುಕಲು ಮತ್ತೆ ಅದೇ ಬಿರುಗಾಳಿಗೆ ಹೋದದ್ದು ಇದೇ ಆಂಡರ್ಸನ್. ಮಗನಿಗೆ ಇದನ್ನು ಖಂಡಿತ ಹೇಳಿ. 2017ರಲ್ಲಿ ಅದನ್ನು ಡುಲುತ್‌ನಲ್ಲಿ ಕಟ್ಟಿಹಾಕಿದಾಗ ಇನ್ನು ಮುಗಿಯಿತು ಎಂದೇ ಅನೇಕರು ಅಂದರು. 2019ರಲ್ಲಿ ಅದು ಕೆಲಸಕ್ಕೆ ಮರಳಿತು. ದಕ್ಕೆಗೆ ಕಟ್ಟಿದ ಹಡಗೆಲ್ಲ ಗುಜರಿಯ ಹಡಗಲ್ಲ. ಅದಿರಿನ ಬೇಡಿಕೆ ಇಳಿದಾಗ ಕಟ್ಟುತ್ತಾರೆ, ಏರಿದಾಗ ಬಿಚ್ಚುತ್ತಾರೆ.

ಮುದಿ ಹಡಗು ಅಂದರೆ ಅಪಾಯದ ಹಡಗು ಎಂಬುದೂ ತಪ್ಪು. ಐದು ವರ್ಷಕ್ಕೊಮ್ಮೆ ಡ್ರೈಡಾಕಿಗೆ (ನೀರು ಬಸಿದ ರಿಪೇರಿ ಕಟ್ಟೆಗೆ) ಹತ್ತಿಸಿ, ಒಡಲಿನ ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್ ಗೇಜಿನಿಂದ ಅಳೆಯುತ್ತಾರೆ. ಬಣ್ಣ ಕೆರೆದು, ಜೆಲ್ ಹಚ್ಚಿ, ಗೇಜಿನ ತಲೆಯನ್ನು ಉಕ್ಕಿಗೆ ಒತ್ತಿ ಹಿಡಿದಾಗ ಮಿಲಿಮೀಟರಿನಲ್ಲಿ ಅಂಕಿ ಬರುತ್ತದೆ. ಆ ಅಂಕಿಯನ್ನು ಮೂಲ ನಕ್ಷೆಯ ಪಕ್ಕದಲ್ಲಿ ಬರೆದು, ಎಲ್ಲಿ ಮಿತಿಗಿಂತ ಹೆಚ್ಚು ಸವೆದಿದೆಯೋ ಅಲ್ಲಿನ ತಗಡನ್ನು ಕತ್ತರಿಸಿ ಹೊಸದು ಹಾಕುತ್ತಾರೆ. ನೀವು ತೆಗೆಯುವ ಚಿತ್ರದಲ್ಲಿ ಒಡಲಿನ ಮೇಲೆ ಕಾಣುವ ಕಂದು ಕಲೆಗಳು ಬಹುಪಾಲು ಅದಿರಿನ ಧೂಳು ಮತ್ತು ಮೇಲ್ಮೈ ತುಕ್ಕು.

ಹಾಗಾದರೆ ನಿಜವಾಗಿ ಮಾಯವಾಗುತ್ತಿರುವುದು ಏನು? ಹಬೆ. ನನ್ನ ಮಟ್ಟಿಗೆ ಇದೇ ದೊಡ್ಡ ನಷ್ಟ. ಹಬೆ ಟರ್ಬೈನ್‌ಗೆ ಡೀಸೆಲ್‌ಗಿಂತ ಹೆಚ್ಚು ಇಂಧನ ಬೇಕು, ಬಾಯ್ಲರ್ ನೋಡಿಕೊಳ್ಳಬಲ್ಲ ಎಂಜಿನಿಯರುಗಳು ಕಮ್ಮಿಯಾಗುತ್ತಿದ್ದಾರೆ, ಬಿಡಿಭಾಗಗಳು ಸಿಗುವುದಿಲ್ಲ. 1942ರಲ್ಲಿ ಕಟ್ಟಿ, ಎರಡನೇ ಮಹಾಯುದ್ಧದಲ್ಲಿ ಚಿವಾವ ಎಂಬ ಹೆಸರಿನಲ್ಲಿ ನೌಕಾಪಡೆಗೆ ಎಣ್ಣೆ ಸಾಗಿಸಿದ ಹಡಗು ಈಗ ಲೀ ಎ. ಟ್ರೆಗರ್ಥಾ, 2006ರಲ್ಲಿ ಅದರ ಹಬೆಯಂತ್ರ ತೆಗೆದು ಡೀಸೆಲ್ ಹಾಕಿದರು. 1906ರಲ್ಲಿ ನೀರಿಗಿಳಿದ ಸೇಂಟ್ ಮೇರೀಸ್ ಚಾಲೆಂಜರ್ 2013ರ ತನಕ ತನ್ನದೇ ಯಂತ್ರದಿಂದ ಓಡಿತು, ಆಮೇಲೆ ಹಿಂದಿನ ಭಾಗ ಕತ್ತರಿಸಿ ಅದನ್ನು ಟಗ್ ಎಂಬ ಸಣ್ಣ ಹಡಗು ತಳ್ಳುವ, ಸ್ವಂತ ಎಂಜಿನ್ ಇಲ್ಲದ ಬಾರ್ಜ್ ಮಾಡಿದರು. ಒಡಲು ಉಳಿಯಿತು, ಹಡಗಿನ ಜೀವ ಬದಲಾಯಿತು. ದಡದಿಂದ ನೋಡುವವರಿಗೆ ಮೊದಲ ನೋಟಕ್ಕೆ ತಿಳಿಯುವುದೂ ಇಲ್ಲ.

ಆದ್ದರಿಂದ ನಿಮ್ಮ ಪಟ್ಟಿಯ ಮೇಲ್ಭಾಗದಲ್ಲಿ ಹಬೆಯ ಹಡಗುಗಳಿರಲಿ. ಆಂಡರ್ಸನ್, ಅದರ ಜೊತೆಯವು ಫಿಲಿಪ್ ಆರ್. ಕ್ಲಾರ್ಕ್ ಮತ್ತು ಕೇಸನ್ ಜೆ. ಕ್ಯಾಲವೇ, ಮೂರೂ 1952ರವು. ಇನ್ನೊಂದು ಅಲ್ಪೀನಾ: 1942ರ ಹಡಗು, 1991ರಲ್ಲಿ ಉದ್ದ ಮಾಡುವ ಬದಲು 639 ಅಡಿಯಿಂದ 519ಕ್ಕೆ ಗಿಡ್ಡ ಮಾಡಿ ಸಿಮೆಂಟ್ ಸಾಗಿಸಲು ಹಚ್ಚಿದರು. 1949ರ ವಿಲ್‌ಫ್ರೆಡ್ ಸೈಕ್ಸ್‌ಗಾಗಿ ಪೋರ್ಟ್ ಹ್ಯುರಾನ್‌ನಲ್ಲಿ ಕಾದು ಕೂರಬೇಡಿ, ಅದರ ಓಡಾಟ ಹೆಚ್ಚಾಗಿ ಮಿಶಿಗನ್ ಸರೋವರದಲ್ಲಿ.

ಗುರುತು ಹಿಡಿಯುವುದು ಹೀಗೆ. ಹಳೇ ಹಡಗಿನ ಚುಕ್ಕಾಣಿ ಕೋಣೆ ಮುಂದಿನ ತುದಿಯಲ್ಲಿ, ಎಂಜಿನ್ ಮತ್ತು ಚಿಮಣಿ ಹಿಂದಿನ ತುದಿಯಲ್ಲಿ, ನಡುವೆ ಬರೀ ಡೆಕ್. 1869ರ ಆರ್.ಜೆ. ಹ್ಯಾಕೆಟ್ ಎಂಬ ಮರದ ಹಡಗಿನಿಂದ ಬಂದ ವಿನ್ಯಾಸ ಇದು. ಈಚಿನವುಗಳಲ್ಲಿ ಎಲ್ಲವೂ ಹಿಂದೆ. ಹಬೆಯ ಹಡಗು ಹಾದುಹೋಗುವಾಗ ಡೀಸೆಲ್‌ನ ಡಬಡಬ ಇರುವುದಿಲ್ಲ, ನೀರು ಸೀಳುವ ಸದ್ದೇ ಮುಂದೆ. ಹಬೆ ಸೀಟಿ ಉಳಿಸಿಕೊಂಡಿರುವ ಹಡಗಾದರೆ ಇನ್ನೊಂದು ನೋಡಿ: ಮೊದಲು ಚಿಮಣಿಯ ಪಕ್ಕದಲ್ಲಿ ಬಿಳಿ ಹಬೆ ಚಿಮ್ಮುತ್ತದೆ, ಸದ್ದು ಆಮೇಲೆ ಬರುತ್ತದೆ. ಒಂದು ಕಿಲೋಮೀಟರ್ ದೂರಕ್ಕೆ ಸುಮಾರು ಮೂರು ಸೆಕೆಂಡ್ ತಡ. ಸದ್ದು ಕೇಳಿ ಕ್ಯಾಮೆರಾ ಎತ್ತಿದರೆ ಹಬೆ ಆರಿಹೋಗಿರುತ್ತದೆ. ಮೂರು ಉದ್ದ, ಎರಡು ಗಿಡ್ಡ ಸೀಟಿ ಇಲ್ಲಿನ ನಮಸ್ಕಾರ; ಮೊದಲ ಉದ್ದದ್ದು ತಪ್ಪಿದರೂ ಉಳಿದ ನಾಲ್ಕಕ್ಕೆ ನಿಮಗೆ ಹೊತ್ತಿದೆ. ಫೋಟೋಕ್ಕಿಂತ ವಿಡಿಯೋ ತೆಗೆಯಿರಿ ಎನ್ನುತ್ತೇನೆ. ಆ ಧ್ವನಿಯೂ ಹೋಗಲಿರುವ ವಸ್ತು. ಪ್ರತಿ ಫೈಲಿನ ಹೆಸರಿನಲ್ಲಿ ಹಡಗು, ದಿನಾಂಕ, ಜಾಗ, ಹಡಗು ಹೊಳೆಯ ಹರಿವಿನ ಜೊತೆ ಇಳಿಯುತ್ತಿತ್ತೋ ಎದುರಾಗಿ ಏರುತ್ತಿತ್ತೋ ಎಂಬುದನ್ನು ಮಗನೇ ಬರೆಯಲಿ. ಇಳಿಯುವ ಹಡಗು ಸಾಮಾನ್ಯವಾಗಿ ಅದಿರು ತುಂಬಿ ನೀರಿಗೆ ಕುಸಿದಿರುತ್ತದೆ, ಖಾಲಿಯಾಗಿ ಏರುವ ಹಡಗಿನ ಮೂತಿ ಎತ್ತರದಲ್ಲಿರುತ್ತದೆ. ಇಪ್ಪತ್ತು ವರ್ಷದ ನಂತರ ಬೆಲೆ ಬರುವುದು ಇಂಥ ವಿವರ ಇರುವ ಚಿತ್ರಕ್ಕೆ.

ಈಗ ನಿಮ್ಮ ಹೆಂಡತಿಯವರ ಪ್ರಶ್ನೆ. ಅವರ ಭಯ ಎಲ್ಲಿಂದ ಬಂತೆಂದು ಗೊತ್ತು. ನಮ್ಮಲ್ಲಿ ದೊಡ್ಡ ಬಂದರಿನೊಳಗೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯುವ ಹಾಗಿಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಪಾರ್ಕಿನಲ್ಲಿ ನಿಂತು, ಕಣ್ಣಿಗೆ ಕಾಣುವ ಹಡಗಿನ ಚಿತ್ರ ತೆಗೆಯುವುದು ಕಾನೂನುಬದ್ಧ, ಅದಕ್ಕೆ ಪೌರತ್ವ ಬೇಕಿಲ್ಲ. ಗಡಿ ಪಡೆಯವರು ಬಂದು ಮಾತಾಡಿಸುವುದುಂಟು. ಹಡಗು ನೋಡಲು ಬಂದಿದ್ದೇವೆ ಎಂದು ನೇರವಾಗಿ ಹೇಳಿ, ಎಐಎಸ್ ಆಪ್ ತೋರಿಸಿ. ಆದರೆ 18 ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮ ಅಲ್ಲಿದೆ. ನಿಮ್ಮಿಬ್ಬರ ಐ-94 (ದೇಶ ಪ್ರವೇಶದ ದಾಖಲೆ) ಪ್ರತಿ ಕ್ಯಾಮೆರಾ ಬ್ಯಾಗಿನಲ್ಲಿರಲಿ. ಸೇತುವೆಯ ತಪಾಸಣಾ ಕಟ್ಟೆ, ಅಧಿಕಾರಿಗಳು, ಅವರ ಗಾಡಿಗಳ ಕಡೆ ಲೆನ್ಸ್ ತಿರುಗಿಸಬೇಡಿ. ಸೇತುವೆ ಮೇಲೆ ಕಾರು ನಿಲ್ಲಿಸುವ ಮಾತೇ ಬೇಡ. ಡ್ರೋನ್ ಆಸೆ ಇದ್ದರೂ ಈ ನದಿಯಲ್ಲಿ ಬಿಟ್ಟುಬಿಡಿ: ನೀರಿನ ನಡುವೆ ಅಂತರರಾಷ್ಟ್ರೀಯ ಗಡಿ ಇದೆ, ಗಾಳಿ ಒಂದು ಸಲ ತಳ್ಳಿದರೆ ನೀವು ಇನ್ನೊಂದು ದೇಶದ ಆಕಾಶದಲ್ಲಿ.

ಹೆಚ್ಚು ಅಪಾಯ ಇರುವುದು ಬೇರೆಡೆ. ಬೆಳಗಿನ ಬೆಳಕು ಒಂಟಾರಿಯೊ ದಡಕ್ಕೆ ಸಿಗುತ್ತದೆ ಎಂದು ಯಾರೋ ಹೇಳುತ್ತಾರೆ, ಅದು ನಿಜವೂ ಹೌದು, ಹತ್ತು ನಿಮಿಷದಲ್ಲಿ ಸಾರ್ನಿಯಾಕ್ಕೆ ಹೋಗಿಬರೋಣ ಎನಿಸುತ್ತದೆ. ಭಾರತದ ಪಾಸ್‌ಪೋರ್ಟ್‌ನ ಎಚ್1ಬಿಯವರಿಗೆ ಕೆನಡಾದ ವೀಸಾ ಬೇಕು, ಹಿಂದಿರುಗುವಾಗ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟ್ಯಾಂಪಿನ ಅವಧಿಯೂ ಮುಖ್ಯ. ಸ್ಟ್ಯಾಂಪ್ ಮುಗಿದಿದ್ದರೆ ನಿಮ್ಮ ಕಂಪನಿಯ ವಲಸೆ ವಕೀಲರನ್ನು ಕೇಳದೆ ಸೇತುವೆ ದಾಟಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಆ ಬೆಳಕು ಅಲ್ಲೇ ಇರುತ್ತದೆ.

ಕೊನೆಗೆ ನೀವು ಕೇಳದ ಒಂದು ವಿಷಯ. ತುಂಬಿದ ಹಡಗು ಇಕ್ಕಟ್ಟು ನದಿಯಲ್ಲಿ ಹಾದುಹೋಗುವಾಗ ಮೊದಲು ದಡದ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅಂಚಿನ ಕಲ್ಲುಗಳು ಒಮ್ಮೆಗೇ ಬರಿದಾಗಿ ಕಾಣುತ್ತವೆ, ಸ್ವಲ್ಪ ಹೊತ್ತಿಗೆ ಅದೇ ನೀರು ಜೋರಾಗಿ ಮರಳುತ್ತದೆ. ಮಕ್ಕಳು ಸರಿಯಾಗಿ ಆ ಕ್ಷಣಕ್ಕೆ ಹಡಗು ನೋಡಲು ಕೆಳಗಿನ ಕಲ್ಲಿಗೆ ಇಳಿದಿರುತ್ತಾರೆ. ಸೇತುವೆಯ ಬಳಿ ನದಿಯ ಸೆಳೆತವೂ ಬಲವಾಗಿದೆ, ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಮಗ ರೇಲಿಂಗಿನ ಒಳಗೇ ಇರಲಿ. ನೀವು ವ್ಯೂಫೈಂಡರಿಗೆ ಕಣ್ಣಿಟ್ಟಾಗ ಅವನ ಮೇಲೆ ಕಣ್ಣಿಡಲು ಇನ್ನೊಬ್ಬರು ದೊಡ್ಡವರು ಜೊತೆಗಿರಲಿ.